ಹಲವರು ಕೂಡಿ ಕಟ್ಟುವ ಗಣಕವ್ಯವಸ್ಥೆ

ಬೇಸಗೆಯ ರಜೆ ಸಮೀಪಿಸುತ್ತಿದ್ದಂತೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಏಳುತ್ತದೆ. ಊರಿನ ಮಾತಿನೊಡನೆ ರೈಲಿನ ಟಿಕೆಟಿನ ಮಾತೂ ಏಳುತ್ತದೆ. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಮಂಗಳೂರಿಗೆ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಸ್ಥಳ ದೊರೆಯುವುದೋ ಇಲ್ಲವೋ ಎಂಬುದನ್ನು ನೋಡಿಕೊಂಡೇ ಎಷ್ಟೋ ಕುಟುಂಬದವರು ಮದುವೆಗೋ ನೇಮಕ್ಕೋ ಹೊರಡುವ ದಿನವನ್ನು ಗೊತ್ತುಮಾಡುತ್ತಾರೆ. ಟಿಕೆಟು ದೊರೆತಾಗ ಅದರ ಮೇಲೆ ಹತ್ತು ಅಂಕೆಗಳ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಕೊಟ್ಟದ್ದು ಗಣಕಯಂತ್ರ. ಅದನ್ನು ಯಾವಾಗ, ಯಾರಿಗೆ, ಹೇಗೆ ಕೊಡಬೇಕೆಂದು ಆ ಯಂತ್ರಕ್ಕೆ ತಿಳಿಸಿಕೊಟ್ಟವರು ಮನುಷ್ಯರು. ಯಂತ್ರಕ್ಕೆ ನೀಡುವ ಇಂತಹ ಆದೇಶಗಳ ಸಮೂಹಕ್ಕೆ ಸಾಫ್ಟ್‌ವೇರ್ ಎಂದೂ, ಕನ್ನಡದಲ್ಲಿ ತಂತ್ರಾಂಶವೆಂದೂ ಹೆಸರು.

ಹತ್ತು ಸಂಖ್ಯೆಗಳ ಸರಾಸರಿಯನ್ನು ಕಂಡುಹಿಡಿಯುವ ತಂತ್ರಾಂಶವನ್ನು ಎಂಟನೆಯ ತರಗತಿಯ ಹುಡುಗನೋ ಹುಡುಗಿಯೋ ಒಂದು ಮಧ್ಯಾಹ್ನದಲ್ಲಿ ಒಬ್ಬರೇ ಬರೆದುಬಿಡಬಹುದು. ದೇಶಕ್ಕೆಲ್ಲ ರೈಲಿನ ಸ್ಥಳವನ್ನು ಹಂಚುವ ತಂತ್ರಾಂಶದ ಜಾತಿಯೇ ಬೇರೆ. ಅದನ್ನು ಎಷ್ಟೇ ಬುದ್ಧಿವಂತನಾದರೂ ಒಬ್ಬನು ಕಟ್ಟಲಾರನು. ಹಲವರು ವರ್ಷಗಟ್ಟಲೆ ಕೂಡಿ ದುಡಿಯಬೇಕು. ದುಡಿದವರಲ್ಲಿ ಕೆಲವರು ನಡುವೆ ಬಿಟ್ಟುಹೋಗುತ್ತಾರೆ, ಹೊಸಬರು ಬಂದು ಸೇರುತ್ತಾರೆ. ಹೀಗೆ ಕೂಡಿ ಕಟ್ಟುವುದಕ್ಕೆ ಒಂದು ವಿದ್ಯೆ ಬೇಕು. ಆ ವಿದ್ಯೆಯನ್ನು ಕುರಿತು ನಮ್ಮ ಶಾಲೆಯ ವಿದ್ಯಾರ್ಥಿಗಳಿಗೆ ನಾಲ್ಕು ಮಾತು ಹೇಳಬೇಕೆಂಬುದು ನಮ್ಮ ಇಚ್ಛೆ. ಗಣಕಯಂತ್ರವೆಂದರೆ ಇಂಗ್ಲಿಷಿನ ಸೊತ್ತು, ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಅದು ಎಟುಕದ ಹಣ್ಣು ಎಂಬ ಮಾತು ನಮ್ಮ ಕಿವಿಗೆ ಆಗಾಗ ಬೀಳುತ್ತದೆ. ಆ ಮಾತಿನಲ್ಲಿ ಎಷ್ಟು ಸತ್ಯವಿದೆಯೆಂಬುದನ್ನೂ ಈ ನಿಮಿತ್ತದಲ್ಲಿ ಪರೀಕ್ಷಿಸಬಹುದು.

ಮೊದಲು ಹಿಂದಿನ ಪದ್ಧತಿಯನ್ನು ನೆನೆಯೋಣ. ರೈಲ್ವೆಯಲ್ಲಿ ಗಣಕಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಗಾಡಿಗೂ ದಿನಕ್ಕೊಂದರಂತೆ ದಫ್ತರಿನಲ್ಲಿ ಪುಟಗಳಿದ್ದವು. ಯಾವ ಗಾಡಿಯ ದಫ್ತರು ಯಾವ ಕಿಟಕಿಯಲ್ಲಿದೆಯೋ ಆ ಕಿಟಕಿಯ ಮುಂದೆಯೇ ಜನ ಸಾಲಾಗಿ ನಿಲ್ಲಬೇಕು. ಗುಮಾಸ್ತನು ಹೆಸರನ್ನು ಕೈಯಿಂದ ಬರೆದು ಸ್ಥಳವನ್ನು ಗುರುತು ಹಾಕುವನು. ಊರಿನಿಂದ ಮರಳಿ ಬರುವ ಪ್ರಯಾಣಕ್ಕೆ ಸ್ಥಳ ಬೇಕಾದರೆ ಆ ಊರಿನ ನಿಲ್ದಾಣಕ್ಕೆ ತಂತಿ ಕಳುಹಿಸಿ ಉತ್ತರಕ್ಕಾಗಿ ಕಾಯಬೇಕು. ೧೯೮೫ರಲ್ಲಿ ದೆಹಲಿಯಲ್ಲಿ, ಸಿ.ಎಂ.ಸಿ. ಎಂಬ ಅಂದಿನ ಸರಕಾರಿ ಕಂಪೆನಿಯವರು ರೈಲ್ವೆಗಾಗಿ ರಚಿಸಿದ ಇಂಪ್ರೆಸ್ ಎಂಬ ಗಣಕವ್ಯವಸ್ಥೆ ಪ್ರಾಯೋಗಿಕವಾಗಿ ಕೆಲಸಕ್ಕೆ ತೊಡಗಿತು. ಮುಂದೆ ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದುಗಳಿಗೂ ಗಣಕದ ಮೂಲಕ ಸ್ಥಳ ಹಂಚುವ ಕ್ರಮ ಬಂದಿತು. ಐದು ಕೇಂದ್ರಗಳು ಐದು ದ್ವೀಪಗಳಂತಿದ್ದವು. ಅವನ್ನು ಒಂದಕ್ಕೊಂದು ಜೋಡಿಸುವ ಕೆಲಸ ೧೯೯೯ರಲ್ಲಿ ಪೂರ್ಣವಾಯಿತು. ಮನೆಯಲ್ಲಿ ಕುಳಿತೇ ಅಂತರ್ಜಾಲದಲ್ಲಿ ಟಿಕೆಟು ಕೊಳ್ಳುವ ಸೌಕರ್ಯ ಬಂದದ್ದು ೨೦೦೨ರಲ್ಲಿ.

ಇಷ್ಟನ್ನು ಹೇಳುವುದು ಸುಲಭ. ಆದರೆ ಒಬ್ಬ ಗುಮಾಸ್ತನು ದಫ್ತರಿನ ಮುಂದೆ ಕುಳಿತು ಮಾಡುತ್ತಿದ್ದ ಕೆಲಸದಲ್ಲಿ ಏನೇನು ಅಡಗಿತ್ತು? ಅದನ್ನು ಬಿಡಿಸಿ ಬಿಡಿಸಿ ನೋಡುವುದಕ್ಕೆ ವಿಶ್ಲೇಷಣೆಯೆಂದು ಹೆಸರು. ಅದನ್ನು ಮಾಡಹೊರಟವರು ಒಂದು ಆದೇಶವನ್ನಾದರೂ ಬರೆಯುವ ಮುನ್ನ ನೂರಾರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಹಳೆಯ ಮಾದರಿಯ ಸ್ಲೀಪರ್ ಡಬ್ಬಿಯೊಂದರಲ್ಲಿ ೭೨ ಬರ್ತುಗಳು. ಆದುದರಿಂದ ೭೨ ಟಿಕೆಟುಗಳೇ? ಅಲ್ಲ. ೨೩ನೆಯ ಬರ್ತಿನಲ್ಲಿ ಕುಳಿತವನು ರತ್ನಾಗಿರಿಯಲ್ಲಿ ಇಳಿದುಹೋದರೆ ಅಲ್ಲಿಂದ ಉಡುಪಿಯವರೆಗೆ ಅದೇ ಬರ್ತನ್ನು ಇನ್ನೊಬ್ಬನಿಗೆ ಕೊಡಬಹುದು. ಅಂದಮೇಲೆ ಒಂದು ಬರ್ತೆಂಬುದು ಒಂದೇ ವಸ್ತುವಲ್ಲ. ನಿಲ್ದಾಣದಿಂದ ನಿಲ್ದಾಣಕ್ಕೆ ತುಂಡುತುಂಡಾದ ಹಲವು ವಸ್ತುಗಳು. ಐದು ವರ್ಷ ತುಂಬದ ಕೂಸಿಗೆ ಟಿಕೆಟು ಬೇಡ. ಐದರಿಂದ ಹನ್ನೆರಡರೊಳಗಿನ ಮಗುವಿಗೆ ಬೇರೆ ಬರ್ತು ಬೇಕೆಂದರೆ ಪೂರ್ತಿ ದರ, ಬೇಡವೆಂದರೆ ಅರ್ಧ ದರ. ಇದು ಎಲ್ಲಿ ಬರೆದಿಡಬೇಕಾದ ವಿಷಯ? ಮಂಗಳೂರಿನ ಗಾಡಿ ಮೇ ಒಂದರ ಮಧ್ಯಾಹ್ನ ಮುಂಬಯಿಯಿಂದ ಹೊರಟರೆ ಉಡುಪಿಯನ್ನು ಮುಟ್ಟುವುದು ಎರಡನೆಯ ತಾರೀಖಿನ ಮುಂಜಾನೆ. ಎರಡನೆಯ ತಾರೀಖು ಉಡುಪಿಯಲ್ಲಿ ಹತ್ತಿ ಮಂಗಳೂರಿಗೆ ಹೋಗುವವನು ಯಾವ ತಾರೀಖಿನ ಗಾಡಿಯಲ್ಲಿ ಕುಳಿತಂತಾಯಿತು? ಅವನ ಮಟ್ಟಿಗೆ ಎರಡು, ಗಾಡಿಯ ಮಟ್ಟಿಗೆ ಒಂದು. ಗುಮಾಸ್ತನಿಗೆ ಇದು ಬೆರಳ ತುದಿಯಲ್ಲಿತ್ತು. ಯಂತ್ರಕ್ಕೆ ಹೇಳದೆ ಹೋದರೆ ಯಾವುದೂ ತಿಳಿಯದು.

ಇನ್ನೂ ಒಂದು ಸೂಕ್ಷ್ಮವಿದೆ. ದಫ್ತರು ಒಂದೇ, ಲೇಖನಿ ಒಂದೇ ಆಗಿದ್ದಾಗ ಒಂದು ಬರ್ತನ್ನು ಇಬ್ಬರಿಗೆ ಕೊಡುವ ಪ್ರಮಾದಕ್ಕೆ ಹೆಚ್ಚಿನ ಅವಕಾಶವಿರಲಿಲ್ಲ. ಈಗ ಬೋರಿವಲಿಯಲ್ಲಿ ಒಬ್ಬರು, ಉಡುಪಿಯಲ್ಲಿ ಒಬ್ಬರು, ಒಂದೇ ಕ್ಷಣದಲ್ಲಿ ಉಳಿದಿರುವ ಒಂದೇ ಬರ್ತನ್ನು ಕೇಳಬಹುದು. ಹಿಂದಿನ ಗುಮಾಸ್ತನು ಹಣ ಎಣಿಸಿಕೊಳ್ಳುವವರೆಗೆ ದಫ್ತರಿನ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡಿರುವಂತೆ ಯಂತ್ರವೂ ಆ ಸ್ಥಳದ ಮೇಲೆ ಬೆರಳಿಡಬೇಕು. ಹಣ ಕೊಡುವ ಮುನ್ನ ಗಿರಾಕಿಯ ಮನೆಯ ವಿದ್ಯುತ್ತು ಹೋಯಿತೆನ್ನಿ, ಇಟ್ಟ ಬೆರಳನ್ನು ಎಷ್ಟು ಹೊತ್ತಿನ ಮೇಲೆ ತೆಗೆಯಬೇಕು? ಬೇಗ ತೆಗೆದರೆ ಅವನಿಗೆ ಅನ್ಯಾಯ, ತಡವಾದರೆ ಕಾದು ನಿಂತವರಿಗೆ ಅನ್ಯಾಯ. ಇದಕ್ಕೆ ಉತ್ತರ ಗಣಿತದಲ್ಲಿಲ್ಲ. ರೈಲ್ವೆಯವರೂ ತಂತ್ರಾಂಶದವರೂ ಕೂಡಿ ಕುಳಿತು ನಿರ್ಧರಿಸಬೇಕಾದ ವಿಷಯವದು.

ಈ ಪ್ರಶ್ನೆಗಳಿಗೆ ಉತ್ತರ ಬಲ್ಲವರು ಯಾರು? ಕಿಟಕಿಯ ಹಿಂದೆ ಇಪ್ಪತ್ತು ವರ್ಷ ಕುಳಿತ ಗುಮಾಸ್ತ, ಗಾಡಿಯಲ್ಲಿ ತಿರುಗುವ ಟಿ.ಸಿ., ಕಾದು ಬೇಸತ್ತ ಪ್ರಯಾಣಿಕ. ಅವರು ತಮಗೆ ಗೊತ್ತಿರುವುದನ್ನೆಲ್ಲ ಒಂದೇ ಸಲ ಹೇಳಲಾರರು. ಅಭ್ಯಾಸವಾದ ಕೆಲಸವನ್ನು ವಿವರಿಸುವುದು ಯಾರಿಗೂ ಕಷ್ಟ. ಚಪಾತಿಯ ಹಿಟ್ಟಿಗೆ ನೀರೆಷ್ಟು ಎಂದು ತಾಯಿಯನ್ನು ಕೇಳಿ ನೋಡಿ, “ಹಿಡಿಸಿದಷ್ಟು” ಎಂಬ ಉತ್ತರ ಬಂದೀತು! ಆದುದರಿಂದ ವಿಶ್ಲೇಷಕನು ಅವರ ಬಳಿ ಕುಳಿತು, ಅವರು ಮಾಡುವುದನ್ನು ನೋಡಿ, ಅವರ ಭಾಷೆಯಲ್ಲಿ ಕೇಳಿ, ಬರೆದುಕೊಂಡದ್ದನ್ನು ಅವರಿಗೇ ಓದಿಹೇಳಿ ತಿದ್ದಿಕೊಳ್ಳಬೇಕು. ಮುಂಬಯಿಯಂಥ ನಗರದಲ್ಲಿ ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ, ಬೀದಿಯಲ್ಲಿ ಮರಾಠಿ ಹಿಂದಿಗಳನ್ನೋ ಆಡಿ ಬೆಳೆದ ಮಕ್ಕಳಿಗೆ ಈ ಕೆಲಸದಲ್ಲಿ ಒಂದು ಅನುಕೂಲವೇ ಇದೆಯೆಂದು ನಮಗೆ ತೋರುತ್ತದೆ. ಯಂತ್ರಕ್ಕೆ ಬರೆಯುವ ಆದೇಶಗಳಲ್ಲಿ ಇಂಗ್ಲಿಷಿನ ಶಬ್ದಗಳಿರುವುದು ನಿಜ, ಈ ವಿದ್ಯೆಯ ಗ್ರಂಥಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿರುವುದೂ ನಿಜ. ಅದನ್ನು ಕಲಿಯದೆ ಗತ್ಯಂತರವಿಲ್ಲ. ಕೇಳಬೇಕಾದ ಪ್ರಶ್ನೆ ಯಾವುದೆಂದು ತಿಳಿಯುವುದು ಮಾತ್ರ ಯಾವ ಮಾಧ್ಯಮಕ್ಕೂ ಮೀಸಲಾದುದಲ್ಲ.

ಬೇಕಾದುದು ಏನೆಂದು ತಿಳಿದ ಮೇಲೆ ಅದನ್ನು ಕಟ್ಟುವ ಬಗೆಯನ್ನು ಗೊತ್ತುಮಾಡಬೇಕು. ಇದು ವಿನ್ಯಾಸ. ಕೆಲಸವನ್ನು ಭಾಗಮಾಡಿ ಒಂದೊಂದು ತಂಡಕ್ಕೆ ಕೊಡುವುದು ಸಹಜ. ಎಲ್ಲಿ ಕತ್ತರಿಸಬೇಕೆಂಬುದರಲ್ಲಿಯೇ ಜಾಣ್ಮೆ ಇರುವುದು. ಡೇವಿಡ್ ಪಾರ್ನಾಸ್ ಎಂಬ ವಿದ್ವಾಂಸರು ೧೯೭೨ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಹೇಳಿದ ತತ್ತ್ವವು ಇಂದಿಗೂ ಮಾನ್ಯವಾಗಿದೆ. ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಭಾಗದೊಳಗೆ ಬಚ್ಚಿಡಬೇಕು, ಉಳಿದ ಭಾಗಗಳಿಗೆ ಅದರ ಒಳಗುಟ್ಟು ತಿಳಿಯದಂತಿರಬೇಕು ಎಂಬುದು ಅದರ ಸಾರ. ದೃಷ್ಟಾಂತಕ್ಕೆ ದೂರ ಹೋಗಬೇಕಾಗಿಲ್ಲ. ರೈಲಿನ ಟಿಕೆಟನ್ನು ೧೨೦ ದಿನ ಮುಂಚಿತವಾಗಿ ಕೊಳ್ಳಬಹುದೆಂಬ ನಿಯಮವಿದ್ದುದನ್ನು ೨೦೨೪ರ ನವೆಂಬರಿನಿಂದ ೬೦ ದಿನಕ್ಕೆ ಇಳಿಸಲಾಯಿತು. ಇಂತಹ ಸಂಖ್ಯೆಯನ್ನು ತಂತ್ರಾಂಶದ ಒಂದೇ ಮೂಲೆಯಲ್ಲಿ ಬರೆದಿಟ್ಟಿದ್ದರೆ ತಿದ್ದುವುದು ನಿಮಿಷದ ಕೆಲಸ. ನೂರು ಕಡೆ ಚದರಿಸಿದ್ದರೆ ತೊಂಬತ್ತೊಂಬತ್ತನ್ನು ತಿದ್ದಿ ಒಂದನ್ನು ಮರೆಯುವುದು ಖಂಡಿತ.

ಭಾಗಗಳು ಸಂಧಿಸುವ ಕಡೆಯಲ್ಲಿ ಕರಾರು ಸ್ಪಷ್ಟವಾಗಿರಬೇಕು. ಈ ಕರಾರು ಕೆಟ್ಟರೆ ಏನಾಗುತ್ತದೆಂಬುದಕ್ಕೆ ಮಂಗಳಗ್ರಹದ ಒಂದು ಕಥೆಯುಂಟು. ಅಮೆರಿಕದವರು ೧೯೯೮ರ ಡಿಸೆಂಬರಿನಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯನ್ನು ಹಾರಿಸಿದರು. ಒಂದು ತಂಡದ ತಂತ್ರಾಂಶವು ನೌಕೆಯ ಎಂಜಿನುಗಳ ತಳ್ಳುವಿಕೆಯನ್ನು ಪೌಂಡಿನ ಮಾನದಲ್ಲಿ ಬರೆದು ಕೊಟ್ಟಿತು. ಇನ್ನೊಂದು ತಂಡವು ಅದೇ ಅಂಕೆಗಳನ್ನು ನ್ಯೂಟನ್ನಿನ ಮಾನವೆಂದು ಭಾವಿಸಿ ಓದಿಕೊಂಡಿತು. ಒಂದು ಪೌಂಡು ಬಲವೆಂದರೆ ಸುಮಾರು ೪.೪೫ ನ್ಯೂಟನ್. ಒಂಬತ್ತು ತಿಂಗಳು ಪಯಣಿಸಿದ ನೌಕೆ ಗೊತ್ತಾದ ಎತ್ತರಕ್ಕಿಂತ ಬಹಳ ಕೆಳಗೆ ಹೋಗಿ ೧೯೯೯ರ ಸೆಪ್ಟೆಂಬರ್ ೨೩ರಂದು ಕಣ್ಮರೆಯಾಯಿತು. ಎರಡೂ ಕಡೆಯವರು ಲೆಕ್ಕ ಬಲ್ಲವರೇ. ನಡುವಿನ ಕರಾರೊಂದು ಪಾಲನೆಯಾಗಲಿಲ್ಲ, ಪಾಲನೆಯಾಗಿಲ್ಲವೆಂಬುದನ್ನು ಯಾರೂ ಹೊತ್ತಿಗೆ ಸರಿಯಾಗಿ ಪರೀಕ್ಷಿಸಲಿಲ್ಲ. ಭೌತಶಾಸ್ತ್ರದ ಅಧ್ಯಾಪಕರು ಉತ್ತರದ ಮುಂದೆ ಮಾನವನ್ನು ಬರೆಯದವರ ಅರ್ಧ ಅಂಕವನ್ನು ಕತ್ತರಿಸುವುದು ಎಷ್ಟು ನ್ಯಾಯವೆಂದು ಇದರಿಂದ ತಿಳಿಯಬಹುದು.

ಇನ್ನು ತಂಡದ ವಿಚಾರ. ಕೆಲಸ ಹಿಂದೆ ಬಿದ್ದಿದೆಯೇ, ಇನ್ನೂ ಹತ್ತು ಜನರನ್ನು ಸೇರಿಸಿರಿ ಎಂಬುದು ಸಾಮಾನ್ಯ ಲೋಕದ ಬುದ್ಧಿ. ಬಾವಿ ತೋಡುವಲ್ಲಿ ಅದು ಸರಿಯಾದೀತು. ಐ.ಬಿ.ಎಂ. ಸಂಸ್ಥೆಯಲ್ಲಿ ೧೯೬೦ರ ದಶಕದಲ್ಲಿ ದೊಡ್ಡದೊಂದು ತಂತ್ರಾಂಶದ ರಚನೆಯನ್ನು ನಿರ್ವಹಿಸಿದ ಫ್ರೆಡ್ ಬ್ರೂಕ್ಸ್ ಎಂಬವರು ೧೯೭೫ರಲ್ಲಿ ಒಂದು ಗ್ರಂಥವನ್ನು ಬರೆದು, ತಡವಾದ ತಂತ್ರಾಂಶದ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂದು ತೋರಿಸಿಕೊಟ್ಟರು. ಕಾರಣವನ್ನು ನಿಮ್ಮ ಗಣಿತದಿಂದಲೇ ತಿಳಿಯಬಹುದು. ಐವರಿದ್ದಲ್ಲಿ ಒಬ್ಬರೊಡನೊಬ್ಬರು ಮಾತಾಡಬೇಕಾದ ಜೋಡಿಗಳು ೧೦. ಹತ್ತು ಜನರಾದರೆ ಜೋಡಿಗಳು ೨೦ ಅಲ್ಲ, ೪೫. ಐವತ್ತು ಜನರಾದರೆ ೧,೨೨೫. ಹೊಸಬನು ಬಂದೊಡನೆ ಹಳಬನೊಬ್ಬನು ತನ್ನ ಕೆಲಸವನ್ನು ಬದಿಗಿಟ್ಟು ಅವನಿಗೆ ಕಲಿಸಬೇಕು. ಆದುದರಿಂದಲೇ ದೊಡ್ಡ ತಂಡವನ್ನು ಚಿಕ್ಕ ಚಿಕ್ಕ ತಂಡಗಳಾಗಿ ಒಡೆಯುತ್ತಾರೆ. ಮೆಲ್ವಿನ್ ಕಾನ್ವೆ ಎಂಬವರು ೧೯೬೮ರಲ್ಲಿಯೇ ಹೇಳಿದಂತೆ, ಹೀಗೆ ಒಡೆದ ತಂಡಗಳು ಪರಸ್ಪರ ಹೇಗೆ ಮಾತಾಡಿಕೊಳ್ಳುವುವೋ ಅವು ಕಟ್ಟಿದ ವ್ಯವಸ್ಥೆಯ ಭಾಗಗಳೂ ಹಾಗೆಯೇ ಜೋಡಣೆಗೊಳ್ಳುತ್ತವೆ. ಎರಡು ತಂಡಗಳವರು ಮುಖಕೊಟ್ಟು ಮಾತಾಡದಿದ್ದರೆ ಅವರ ತಂತ್ರಾಂಶಗಳೂ ಮುಖ ತಿರುಗಿಸಿಕೊಂಡು ಕೂರುತ್ತವೆ.

ಇದನ್ನೆಲ್ಲ ಕಲಿಯುವುದು ಹೇಗೆ? ಪುಸ್ತಕದಿಂದ ಒಂದಂಶ ಮಾತ್ರ. ನಮ್ಮ ನಗರದಲ್ಲಿಯೇ ಇದಕ್ಕೆ ಹಳೆಯ ನಿದರ್ಶನವೊಂದಿದೆ. ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ೧೯೪೫ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಹುಟ್ಟಿ ಅದೇ ವರ್ಷ ಮುಂಬಯಿಗೆ ಬಂದಿತು. ೧೯೫೦ರ ದಶಕದ ನಡುವಿನಲ್ಲಿ ಅಲ್ಲಿ ಆರ್. ನರಸಿಂಹನ್ ಅವರೂ ಕೆಲವು ತರುಣರೂ ಸೇರಿ ಗಣಕಯಂತ್ರವೊಂದನ್ನು ತಾವೇ ಕಟ್ಟಲು ತೊಡಗಿದರು. ಆ ತರುಣರಲ್ಲಿ ಹೆಚ್ಚಿನವರು ಅದುವರೆಗೆ ಗಣಕಯಂತ್ರವನ್ನು ಬಳಸಿದವರೇ ಅಲ್ಲ. ಅವರು ನೇರವಾಗಿ ದೊಡ್ಡ ಯಂತ್ರಕ್ಕೆ ಕೈಹಾಕದೆ, ಮೊದಲು ೧೯೫೬ರ ಹೊತ್ತಿಗೆ ಚಿಕ್ಕ ಮಾದರಿಯೊಂದನ್ನು ನಿರ್ಮಿಸಿ, ಅದರಲ್ಲಿ ಕಲಿತು, ತರುವಾಯ ೧೯೬೦ರಲ್ಲಿ ಪೂರ್ಣಪ್ರಮಾಣದ ಯಂತ್ರವನ್ನು ಬಳಕೆಗೆ ತಂದರು. ೧೯೬೨ರ ಜನವರಿಯಲ್ಲಿ ಸಂಸ್ಥೆಯ ಕೊಲಾಬಾ ಕಟ್ಟಡಗಳ ಉದ್ಘಾಟನೆಗೆ ಬಂದ ಪಂಡಿತ ನೆಹರೂ ಅವರು ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಅದರ ಸ್ಮೃತಿಯಲ್ಲಿ ನಾಲ್ವತ್ತು ಬಿಟ್ಟುಗಳ ೨,೦೪೮ ಪದಗಳಿಗೆ ಮಾತ್ರ ಎಡೆಯಿತ್ತು. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಚಿತ್ರ ಅದರ ನೂರಾರು ಪಟ್ಟು ದೊಡ್ಡದು. ಟಿಫ್ರಾಕ್ ಯಂತ್ರವೇ ಹೊರತು ತಂತ್ರಾಂಶವಲ್ಲ, ಅಹುದು. ಚಿಕ್ಕದನ್ನು ಕೂಡಿ ಕಟ್ಟಿ, ಅದರಿಂದ ಕಲಿತು ದೊಡ್ಡದಕ್ಕೆ ಹೋಗುವ ಆ ದಾರಿ ಮಾತ್ರ ಎರಡಕ್ಕೂ ಒಂದೇ. ಮುಂಬಯಿಯ ಇಂಜಿನಿಯರಿಂಗ್ ವಿದ್ಯಾಲಯಗಳಲ್ಲಿ ಕೊನೆಯ ವರ್ಷದವರು ಮೂರು ನಾಲ್ಕು ಜನ ಸೇರಿ ಒಂದು ಯೋಜನೆಯನ್ನು ಮಾಡಬೇಕೆಂದು ವಿಧಿಸಿರುವುದರ ಉದ್ದೇಶವೂ ಅದೇ. ಅಂಗಡಿಯಿಂದ ಸಿದ್ಧ ಯೋಜನೆಯನ್ನು ಕೊಂಡುತಂದು ಒಪ್ಪಿಸುವವರೂ ಇದ್ದಾರೆಂದು ಕೇಳುತ್ತೇವೆ. ಅವರು ಕಳೆದುಕೊಂಡದ್ದು ಹಣವನ್ನಷ್ಟೇ ಅಲ್ಲ.

ಕಾಲೇಜಿಗೆ ಹೋಗುವವರೆಗೆ ಕಾಯಬೇಕಾದುದಿಲ್ಲ. ನಮ್ಮ ಶಾಲೆಯ ಪುಸ್ತಕಭಂಡಾರವನ್ನೇ ತೆಗೆದುಕೊಳ್ಳಿ. ಹನ್ನೆರಡು ವಿದ್ಯಾರ್ಥಿಗಳು, ನಾಲ್ವರಂತೆ ಮೂರು ತಂಡ. ಒಂದು ತಂಡಕ್ಕೆ ಓದುಗರ ಪಟ್ಟಿ, ಒಂದಕ್ಕೆ ಪುಸ್ತಕಗಳ ಪಟ್ಟಿ, ಮತ್ತೊಂದಕ್ಕೆ ಕೊಡುವ ಮತ್ತು ಮರಳಿ ಪಡೆಯುವ ಕೆಲಸ. ಗಣಕಯಂತ್ರವೂ ಬೇಕಾಗಿಲ್ಲ, ಮೊದಲು ಕಾಗದ ಸಾಕು. ಕೆಲಸ ತೊಡಗಿದೊಡನೆ ಪ್ರಶ್ನೆಗಳು ಏಳುವುದನ್ನು ನೋಡುವಿರಿ. ಓದುಗನನ್ನು ಯಾವ ಸಂಖ್ಯೆಯಿಂದ ಗುರುತಿಸಬೇಕು? ಹಾಜರಿಪುಸ್ತಕದ ರೋಲ್ ನಂಬರೆಂದರೆ, ಜೂನ್ ತಿಂಗಳಲ್ಲಿ ಎಲ್ಲರೂ ಮೇಲಿನ ತರಗತಿಗೆ ಹೋದಾಗ ಅದು ಬದಲಾಗುತ್ತದೆ. ಒಬ್ಬನು ಕೊಂಡೊಯ್ದ ಪುಸ್ತಕ ಇನ್ನೊಬ್ಬನ ಲೆಕ್ಕಕ್ಕೆ ಬೀಳುತ್ತದೆ. ಶಾಲೆಗೆ ಸೇರಿದ ದಿನ ಕೊಟ್ಟ ಜಿ.ಆರ್. ನಂಬರು ಬಿಡುವವರೆಗೂ ಬದಲಾಗದು. ಇದನ್ನು ನಿಮಗೆ ಹೇಳಬಲ್ಲವರು ಶಾಲೆಯ ಕಚೇರಿಯ ಗುಮಾಸ್ತರು. ಒಂದೇ ಕಾದಂಬರಿಯ ಮೂರು ಪ್ರತಿಗಳಿದ್ದರೆ ಅದು ಒಂದು ಪುಸ್ತಕವೇ, ಮೂರೇ? ಹುಡುಕುವವನಿಗೆ ಒಂದು, ಕಳೆದುಹೋದಾಗ ದಂಡ ಹಾಕುವವನಿಗೆ ಮೂರು. ಎರಡನೆಯ ತಂಡದವರು ಒಂದೆಂದೂ ಮೂರನೆಯ ತಂಡದವರು ಮೂರೆಂದೂ ತಿಳಿದುಕೊಂಡಿದ್ದರೆ ಮಂಗಳಗ್ರಹದ ಕಥೆ ಇಲ್ಲಿಯೇ ನಡೆಯುತ್ತದೆ.

ಹೆಸರಿನ ತೊಡಕು ಇನ್ನೂ ಸ್ವಾರಸ್ಯವಾದುದು. ನಮ್ಮಲ್ಲಿ ಅನೇಕರ ಹೆಸರು ಶಾಲೆಯ ಪುಸ್ತಕದಲ್ಲಿ ಕನ್ನಡದಲ್ಲಿ, ಬೇರೊಂದು ಕಾಗದದಲ್ಲಿ ದೇವನಾಗರಿಯಲ್ಲಿ, ಮತ್ತೊಂದರಲ್ಲಿ ರೋಮನ್ ಲಿಪಿಯಲ್ಲಿ ಇರುತ್ತದೆ. ಮೂರೂ ಕಡೆ ಅಕ್ಷರಗಳು ಹೊಂದುವುದು ಅಪರೂಪ. ಮಹಾರಾಷ್ಟ್ರದ ರೂಢಿಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಕುಲನಾಮ ಹೀಗೆ ಮೂರು ಮನೆಗಳನ್ನು ತುಂಬಬೇಕು. ಕರ್ನಾಟಕದಿಂದ ಬಂದ ಕುಟುಂಬಗಳಲ್ಲಿ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ ಇಟ್ಟುಕೊಂಡವರುಂಟು. ಕುಲನಾಮವೇ ಇಲ್ಲದವರೂ ಉಂಟು. ಕುಲನಾಮದ ಮನೆ ಖಾಲಿಯಿದ್ದರೆ ಅರ್ಜಿಯನ್ನು ತೆಗೆದುಕೊಳ್ಳಲಾರೆನೆಂದು ಹಟಹಿಡಿಯುವ ತಂತ್ರಾಂಶವನ್ನು ರಚಿಸಿದವರು ಅಂತಹ ಮನುಷ್ಯನೊಬ್ಬನನ್ನೂ ವಿಚಾರಿಸಿರಲಾರರು. ವಿದ್ಯಾರ್ಥಿವೇತನದ ಅರ್ಜಿಯೋ ಪರೀಕ್ಷೆಯ ಅರ್ಜಿಯೋ ಹೀಗೆ ತಡೆದು ನಿಂತರೆ ಒಂದು ಮಗುವಿನ ವರ್ಷವೇ ಹಾಳಾದೀತು. ವಿನ್ಯಾಸಕಾರರ ತಂಡದಲ್ಲಿ ನಾನಾ ಭಾಷೆಯವರು, ನಾನಾ ಬಗೆಯ ಮನೆಗಳಿಂದ ಬಂದವರು ಇರಬೇಕೆನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ನಮಗೆ ಕಾಣದು. ಮುಂಬಯಿ ಮಹಾನಗರಪಾಲಿಕೆ ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸುತ್ತದೆ. ಎಂಟರಲ್ಲಿ ಯಾವುದೊಂದರ ಮಕ್ಕಳು ತಂಡದಲ್ಲಿ ಇಲ್ಲವಾದರೂ ಅವರ ಮನೆಯ ಹೆಸರುಗಳು ಹೀಗೆ ಹೊರಗುಳಿಯಬಹುದು. ಪ್ರಾಸಂಗಿಕವಾಗಿ ಒಂದು ಮಾತು: ಗಣಕದಲ್ಲಿ ಕನ್ನಡವನ್ನು ಒತ್ತುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ.ಪಿ. ರಾಯರು ದಕ್ಷಿಣ ಕನ್ನಡದಿಂದ ಬಂದು ಈ ಮುಂಬಯಿಯಲ್ಲಿಯೇ ಬಹುಕಾಲ ದುಡಿದವರು.

ಪುಸ್ತಕಭಂಡಾರದ ಕೆಲಸವನ್ನು ಕೈಗೊಂಡವರಿಗೆ ಕೊನೆಯದಾಗಿ ಒಂದು ಸೂಚನೆ. ಮೂರು ತಂಡಗಳೂ ತಮ್ಮ ತಮ್ಮ ಕರಾರುಗಳನ್ನು, ಅಂದರೆ ಒಬ್ಬರು ಇನ್ನೊಬ್ಬರನ್ನು ಏನು ಕೇಳಬಹುದು, ಏನು ಉತ್ತರ ಬರುತ್ತದೆ ಎಂಬುದನ್ನು, ಒಂದೊಂದು ಹಾಳೆಯಲ್ಲಿ ಸ್ಪಷ್ಟವಾದ ಕನ್ನಡದಲ್ಲಿ ಬರೆದಿಡಲಿ. ವರ್ಷದ ಕೊನೆಯಲ್ಲಿ ಆ ಹಾಳೆಗಳನ್ನು ಕೆಳಗಿನ ತರಗತಿಯವರಿಗೆ ಒಪ್ಪಿಸಿ, ಬಾಯಿಮಾತಿನ ವಿವರಣೆಯನ್ನು ಸ್ವಲ್ಪವೂ ಕೊಡದೆ, ಒಂದು ವಾರ ಅವರೇ ಪುಸ್ತಕಭಂಡಾರವನ್ನು ನಡೆಸಲೆಂದು ಬಿಡಿರಿ. ಆ ವಾರದಲ್ಲಿ ಅವರು ನಿಮ್ಮ ಬಳಿಗೆ ಓಡಿಬಂದು ಕೇಳುವ ಒಂದೊಂದು ಪ್ರಶ್ನೆಯನ್ನೂ, ಕೇಳಿದ ತಾರೀಖಿನೊಡನೆ, ಅದೇ ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳಿರಿ.